ಅಮೆರಿಕದಲ್ಲಿ ಜಡ್ಜ್ ಆಗುವವರನ್ನು ಟಿವಿ ಮುಂದೆ ಕೂರಿಸಿ ಕೇಳುತ್ತಾರೆ, ನಮ್ಮಲ್ಲಿ ಯಾಕಿಲ್ಲ?

ಕೊಬ್ಬರಿ ತಿಪಟೂರು:

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನನ್ನದು ಕೊಬ್ಬರಿ ವ್ಯಾಪಾರ. ಕಾನೂನು ಓದಿದವನಲ್ಲ, ಆದರೆ ಕೋರ್ಟಿನ ಮೆಟ್ಟಿಲು ಸವೆಯುವಷ್ಟು ಹತ್ತಿದ್ದೇನೆ. ದಾಯಾದಿಗಳ ಜೊತೆ ತೋಟದ ಭಾಗದ ಕೇಸು. ಹನ್ನೊಂದು ವರ್ಷ ಆಯ್ತು, ಈಗಿರುವವರು ಐದನೇ ಜಡ್ಜ್. ಒಬ್ಬರಿಗೆ ನಮ್ಮ ತೋಟದ ಚಕ್ಕುಬಂದಿ ಅರ್ಥ ಆಗುವಷ್ಟರಲ್ಲಿ ವರ್ಗ ಆಗಿರುತ್ತದೆ.

ಈಗ ಕೇಳಬೇಕಾದ್ದು ಬೇರೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ. ಹೋದ ತಿಂಗಳು ಊರಿಗೆ ಬಂದಾಗ ಫೋನಿನಲ್ಲಿ 2018ರ ಒಂದು ವಿಡಿಯೊ ತೋರಿಸಿದಳು. ಕ್ಯಾವನಾ ಅಂತ, ಸುಪ್ರೀಂ ಕೋರ್ಟ್ ಜಡ್ಜ್ ಆಗಬೇಕಾದವರು. ಸೆನೆಟರ್‌ಗಳ ಮುಂದೆ ಕೂತು ಸಿಟ್ಟಾಗುತ್ತಾರೆ, ಕಣ್ಣೀರು ಹಾಕುತ್ತಾರೆ, ನನಗೆ ಬಿಯರ್ ಇಷ್ಟ ಅಂತಲೂ ಹೇಳುತ್ತಾರೆ. ಅದೇ ದಿನ ಬೆಳಿಗ್ಗೆ ಅಲ್ಲಿಗೇ ಬಂದು ಒಬ್ಬ ಹೆಂಗಸು, ಹೈಸ್ಕೂಲಿನ ಕಾಲದಲ್ಲಿ ಈತ ನನ್ನ ಮೇಲೆ ದೌರ್ಜನ್ಯಕ್ಕೆ ಯತ್ನಿಸಿದ್ದ ಎಂದು ಹೇಳಿದ್ದರಂತೆ. ಇವರು ಇಲ್ಲವೇ ಇಲ್ಲ ಅಂದರು. ಕಡೆಗೆ 50–48 ಓಟಿನಲ್ಲಿ ಪಾಸು.

ಜಡ್ಜ್ ನೇಮಕಕ್ಕೆ ಪಾರ್ಟಿಯವರು ಓಟು ಹಾಕುವುದು ಎಂದರೆ ಏನು ಕಥೆ ಸ್ವಾಮಿ? ಅಸಹ್ಯ ಅನ್ನಿಸಿತು. ಆದರೆ ರಾತ್ರಿ ಮಲಗಿದ ಮೇಲೆ ಇನ್ನೊಂದು ಯೋಚನೆ ಬಂತು. ಮಗಳಿಗೆ ಗಂಡು ನೋಡುವಾಗ ಅವರ ಊರಿಗೆ ಹೋಗಿ ನಾಲ್ಕು ಜನರ ಹತ್ತಿರ ವಿಚಾರಿಸುತ್ತೇವೆ, ಅಲ್ವಾ? ನಮ್ಮ ಆಸ್ತಿ, ಪ್ರಾಣ ಎರಡೂ ಯಾರ ಕೈಯಲ್ಲಿದೆಯೋ ಅವರ ಬಗ್ಗೆ ವಿಚಾರಿಸುವುದು ಬೇಡವಾ? ನಮಗೆ ಗೊತ್ತಾಗುವುದೇ ಪೇಪರಿನಲ್ಲಿ ನೇಮಕ ಅಂತ ಎರಡು ಸಾಲು ಬಂದಾಗ. ತಿಳಿದವರು ಹೇಳಿ.

ಕರಿಕೋಟು ತುಮಕೂರು:

ಅಣ್ಣಾ, ಮೊದಲು ಒಂದು ಗಂಟು ಬಿಡಿಸಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ತೋಟದ ಸಿಟ್ಟು ಸೀದಾ ವಾಷಿಂಗ್ಟನ್‌ಗೆ ಹೋಗಿ ನಿಲ್ಲುತ್ತದೆ. ನಿಮ್ಮ ಕೇಸು ನಡೆಸುವ ಸಿವಿಲ್ ಜಡ್ಜ್ ಪರೀಕ್ಷೆ ಬರೆದು ಬಂದವರು. ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಎಲ್ಲ ಹೈಕೋರ್ಟೇ ನಡೆಸುತ್ತದೆ. ವರ್ಗ ಮಾಡುವುದೂ ಹೈಕೋರ್ಟೇ. ಐದು ಜಡ್ಜ್ ಬದಲಾದದ್ದಕ್ಕೆ ದಿಲ್ಲಿಯನ್ನು ಬೈದು ಪ್ರಯೋಜನವಿಲ್ಲ.

ನೀವು ಹೇಳುವ ಗುಟ್ಟು ಇರುವುದು ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್ ನೇಮಕದಲ್ಲಿ. ಸುಪ್ರೀಂ ಕೋರ್ಟಿಗೆ ಮುಖ್ಯ ನ್ಯಾಯಮೂರ್ತಿ ಮತ್ತು ನಾಲ್ವರು ಹಿರಿಯರು ಕೂತು ಹೆಸರು ಆರಿಸುತ್ತಾರೆ. ಅದೇ ಕೊಲಿಜಿಯಂ. ಸರ್ಕಾರ ಒಮ್ಮೆ ವಾಪಸ್ ಕಳಿಸಬಹುದು. ಅದೇ ಹೆಸರು ಮತ್ತೆ ಬಂದರೆ ನೇಮಿಸಲೇಬೇಕು. ನೇಮಿಸಬೇಕು ಅಂತ ಇದೆ, ಯಾವಾಗ ಅಂತ ಇಲ್ಲ, ಆಟ ಇರುವುದೇ ಅಲ್ಲಿ. ದಿಲ್ಲಿ ಹೈಕೋರ್ಟಿಗೆ ಸೌರಭ್ ಕೃಪಾಲ್ ಹೆಸರು 2021ರಲ್ಲಿ ಹೋಯಿತು, ವಾಪಸ್ ಬಂತು, 2023ರ ಜನವರಿಯಲ್ಲಿ ಕೊಲಿಜಿಯಂ ಮತ್ತೆ ಕಳಿಸಿತು. ಫೈಲು ಅಲ್ಲಾಡಲಿಲ್ಲ.

ಅಮೆರಿಕದಲ್ಲಿ ಅಧ್ಯಕ್ಷ ಹೆಸರು ಹೇಳಬೇಕು, ಸೆನೆಟ್ ಒಪ್ಪಬೇಕು. ಅವರ ಸಂವಿಧಾನದಲ್ಲೇ ಹಾಗಿದೆ, ಪಾರ್ಟಿಯವರು ಕಸಿದುಕೊಂಡದ್ದಲ್ಲ. ಸೆನೆಟಿನ ನ್ಯಾಯಾಂಗ ಸಮಿತಿ ಕೂರಿಸಿ ಕೇಳುತ್ತದೆ, ಆಮೇಲೆ ನೂರು ಜನರ ಓಟು. ಇಷ್ಟೊಂದು ಜಗಳ ಯಾಕೆ ಎಂದರೆ ಅಲ್ಲಿ ನಿವೃತ್ತಿ ವಯಸ್ಸೇ ಇಲ್ಲ. ನಮ್ಮಲ್ಲಿ ಸುಪ್ರೀಂ ಕೋರ್ಟಿನವರು 65ಕ್ಕೆ ಮನೆಗೆ ಹೋಗುತ್ತಾರೆ. ಅಲ್ಲಿ ಕ್ಲಾರೆನ್ಸ್ ಥಾಮಸ್ 1991ರಲ್ಲಿ 43ನೇ ವಯಸ್ಸಿಗೆ ಕೂತವರು, ಅವರನ್ನು ಆರಿಸಿದ ಅಧ್ಯಕ್ಷರೇ ತೀರಿಕೊಂಡರು. ಕೂರಿಸುವುದು ಒಂದೇ ಸಲ, ಫಲ ಮೂವತ್ತು ವರ್ಷ. ನೀವೇ ತೆಂಗು ಬೆಳೆದವರು, ಲೆಕ್ಕ ಗೊತ್ತಿರುತ್ತದೆ.

ಇನ್ನು ಆ ಪ್ರಶ್ನೋತ್ತರ. ನೋಡಲು ಚೆನ್ನ, ಒಳಗೆ ನೀರಿಲ್ಲದ ಎಳನೀರು. 1987ರಲ್ಲಿ ರೇಗನ್ ಅವರು ರಾಬರ್ಟ್ ಬೋರ್ಕ್ ಎಂಬ ದೊಡ್ಡ ವಿದ್ವಾಂಸರನ್ನು ಹೆಸರಿಸಿದರು. ಆ ಮನುಷ್ಯ ಕೇಳಿದ್ದಕ್ಕೆಲ್ಲ ನೇರವಾಗಿ, ಮೇಷ್ಟ್ರು ಪಾಠ ಮಾಡಿದ ಹಾಗೆ ಉತ್ತರ ಕೊಟ್ಟರು. 42–58ರಲ್ಲಿ ಬಿದ್ದರು. ಅಲ್ಲಿಂದ ಎಲ್ಲರೂ ಪಾಠ ಕಲಿತರು. 1993ರಲ್ಲಿ ಗಿನ್ಸ್‌ಬರ್ಗ್, ಮುಂದೆ ಬರಬಹುದಾದ ಕೇಸಿನ ಬಗ್ಗೆ ಸುಳಿವನ್ನೂ ಕೊಡಲ್ಲ ಅಂದರು, 96–3ರಲ್ಲಿ ಪಾಸಾದರು. ಎಲೀನಾ ಕೇಗನ್ ಅವರದು ಇನ್ನೂ ತಮಾಷೆ. ಪ್ರೊಫೆಸರ್ ಆಗಿದ್ದಾಗ, 1995ರಲ್ಲಿ, ಈ ವಿಚಾರಣೆ ಟೊಳ್ಳು ನಾಟಕ ಎಂದು ಲೇಖನ ಬರೆದಿದ್ದರು. 2010ರಲ್ಲಿ ತಾವೇ ಆ ಕುರ್ಚಿಯಲ್ಲಿ ಕೂತಾಗ ಎಲ್ಲರ ಹಾಗೆಯೇ ಜಾಣತನದಿಂದ ಜಾರಿಕೊಂಡರು.

ಗರ್ಭಪಾತದ ಹಕ್ಕಿನ ಬಗ್ಗೆ 1973ರ ರೋ ತೀರ್ಪು ಇತ್ತಲ್ಲ, ಅದನ್ನು ಏನು ಮಾಡುತ್ತೀರಿ ಎಂದು 2017ರಲ್ಲಿ ಹೆಸರಿಸಿದ ಗೊರ್ಸಚ್‌ಗೂ ಕೇಳಿದರು, ಕ್ಯಾವನಾಗೂ ಕೇಳಿದರು. ಅದು ಹಳೆಯ, ನೆಲೆ ನಿಂತ ತೀರ್ಪು ಎನ್ನುವ ಧಾಟಿಯಲ್ಲಿ ಗೌರವದ ಮಾತು ಆಡಿದರು. 2022ರಲ್ಲಿ ಇಬ್ಬರೂ ಅದನ್ನು ರದ್ದು ಮಾಡುವ ಕಡೆಗೇ ನಿಂತರು. ಹಾಗಂತ ಸುಳ್ಳು ಹೇಳಿದರು ಅನ್ನುವಂತಿಲ್ಲ, ಯಾಕೆಂದರೆ ಉಳಿಸುತ್ತೇವೆ ಅಂತ ಅವರು ಎಲ್ಲೂ ಅಂದಿರಲಿಲ್ಲ. ನಮ್ಮ ಕೋರ್ಟಿನಲ್ಲಿ ಇಂಥ ಉತ್ತರ ಕೊಡುವ ಸಾಕ್ಷಿಗಳನ್ನು ನಾನು ದಿನಾ ಪಾಟೀಸವಾಲು ಮಾಡುತ್ತೇನೆ, ಆ ಕಷ್ಟ ಗೊತ್ತು.

ಕೈವಾರ ಟು ಟೆಕ್ಸಾಸ್:

ನಾನು ಕೈವಾರದವನು, ಇಲ್ಲಿಗೆ ಬಂದು ಒಂಬತ್ತು ವರ್ಷ. ಕರಿಕೋಟು ಸಾರ್ ಪ್ರಶ್ನೋತ್ತರದ ಬಗ್ಗೆ ಸರಿಯಾಗಿ ಹೇಳಿದ್ದಾರೆ. ಆದರೆ ನಿಜವಾದ ಕುಸ್ತಿ ನಡೆಯುವುದು ಆ ಟಿವಿ ಹಾಲ್‌ನಲ್ಲಿ ಅಲ್ಲ. ಅದು ಕ್ಯಾಲೆಂಡರ್‌ನಲ್ಲಿ ಮತ್ತು ರೂಲ್ ಬುಕ್‌ನಲ್ಲಿ.

2016ರ ಫೆಬ್ರವರಿಯಲ್ಲಿ ಜಸ್ಟಿಸ್ ಸ್ಕಾಲಿಯಾ ತೀರಿಕೊಂಡರು. ಮಾರ್ಚ್‌ನಲ್ಲಿ ಒಬಾಮಾ ಅವರು ಮೆರಿಕ್ ಗಾರ್ಲಂಡ್ ಹೆಸರು ಕಳಿಸಿದರು. ಸೆನೆಟ್ ರಿಪಬ್ಲಿಕನ್ನರ ಕೈಯಲ್ಲಿತ್ತು. ಅವರ ನಾಯಕ ಮಿಚ್ ಮೆಕಾನೆಲ್, ಇದು ಚುನಾವಣೆ ವರ್ಷ, ಹೊಸ ಅಧ್ಯಕ್ಷ ಬರಲಿ ಅಂದುಬಿಟ್ಟರು. ತಿರಸ್ಕಾರವೂ ಇಲ್ಲ, ಓಟೂ ಇಲ್ಲ, ವಿಚಾರಣೆಯೂ ಇಲ್ಲ. 293 ದಿನ ಆ ಹೆಸರು ಸುಮ್ನೆ ಬಿದ್ದಿತ್ತು, ಆಮೇಲೆ ತಾನಾಗೇ ಸತ್ತಿತು. ಕರಿಕೋಟು ಸಾರ್ ಹೇಳಿದ ಅಲ್ಲಾಡದ ಫೈಲು ಇಲ್ಲೂ ಇದೆ ಅಂತಾಯ್ತು. ಈಗ 2020ಕ್ಕೆ ಬನ್ನಿ. ಸೆಪ್ಟೆಂಬರ್ 18ಕ್ಕೆ ಗಿನ್ಸ್‌ಬರ್ಗ್ ತೀರಿಕೊಂಡರು. ನವೆಂಬರ್ 3ಕ್ಕೆ ಚುನಾವಣೆ. ಅದೇ ಮೆಕಾನೆಲ್, ಅದೇ ಸೆನೆಟ್, ಅಕ್ಟೋಬರ್ 26ಕ್ಕೆ ಏಮಿ ಬ್ಯಾರೆಟ್ 52–48ರಲ್ಲಿ ಪಾಸ್. ಆಗ ಸೆನೆಟ್ ಮತ್ತು ಅಧ್ಯಕ್ಷ ಬೇರೆ ಬೇರೆ ಪಾರ್ಟಿ, ಈಗ ಒಂದೇ ಪಾರ್ಟಿ, ಅದಕ್ಕೇ ಬೇರೆ ನಿಯಮ ಅಂತ ಸಮರ್ಥನೆ. ನಮ್ಮೂರಲ್ಲಿ ಚೌಕಾಬಾರ ಆಡುವಾಗ ಸೋಲುವ ಹುಡುಗ ಮಧ್ಯದಲ್ಲಿ ಹೊಸ ರೂಲು ತರುತ್ತಿದ್ದ, ಇಲ್ಲಿ ಗೆಲ್ಲುವವರು ತಂದರು.

ಡೆಮಾಕ್ರಟಿಕ್‌ನವರೂ ಸಾಚಾ ಅಲ್ಲ. ಮೊದಲು ಯಾರನ್ನೇ ನೇಮಿಸಲು ಚರ್ಚೆ ನಿಲ್ಲಿಸಿ ಓಟಿಗೆ ಹಾಕಬೇಕಾದರೆ 60 ಜನ ಬೇಕಿತ್ತು. ಅಂದರೆ ಎದುರು ಪಾರ್ಟಿಯ ಕೆಲವರಾದರೂ ಒಪ್ಪುವಂಥ ಮನುಷ್ಯನನ್ನೇ ಹುಡುಕಬೇಕು. ಒಬಾಮಾ ಕಾಲದಲ್ಲಿ ರಿಪಬ್ಲಿಕನ್ನರು ಎಲ್ಲದಕ್ಕೂ ಅಡ್ಡ ನಿಂತರು ಅಂತ 2013ರ ನವೆಂಬರ್‌ನಲ್ಲಿ ಸೆನೆಟಿನ ಡೆಮಾಕ್ರಟಿಕ್ ನಾಯಕ ಹ್ಯಾರಿ ರೀಡ್ ಆ ನಿಯಮವನ್ನು ಕೆಳಗಿನ ಕೋರ್ಟ್‌ಗಳ ಮಟ್ಟಿಗೆ ಮುರಿದರು, ಸುಪ್ರೀಂ ಕೋರ್ಟ್ ಬಿಟ್ಟು. ನಾಲ್ಕು ವರ್ಷ ಆಗುವ ಮೊದಲೇ, 2017ರ ಏಪ್ರಿಲ್‌ನಲ್ಲಿ, ಮೆಕಾನೆಲ್ ಅದನ್ನು ಸುಪ್ರೀಂ ಕೋರ್ಟಿಗೂ ಎಳೆದರು. ಗೊರ್ಸಚ್ 54–45. ಸ್ಕಾಲಿಯಾ 1986ರಲ್ಲಿ ಪಾಸಾದದ್ದು 98–0, ಗೊತ್ತಾ? ಅವರೇನು ಮಧ್ಯಮ ಮಾರ್ಗದವರಲ್ಲ, ಪಕ್ಕಾ ಬಲಪಂಥ. ಈಗಿನ ಕಾಲದಲ್ಲಿ ದೇವರನ್ನೇ ಹೆಸರಿಸಿದರೂ 52–48.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನೀಲಿ ಚೀಟಿ. ಯಾವ ರಾಜ್ಯದಲ್ಲಿ ಜಡ್ಜ್ ಹುದ್ದೆ ಖಾಲಿಯೋ ಆ ರಾಜ್ಯದ ಇಬ್ಬರು ಸೆನೆಟರ್‌ಗಳಿಗೆ ಸಮಿತಿ ನೀಲಿ ಕಾಗದ ಕಳಿಸುತ್ತದೆ. ಅವರು ಸಹಿ ಹಾಕಿ ವಾಪಸ್ ಕೊಡದಿದ್ದರೆ ಹೆಸರು ಮುಂದೆ ಹೋಗಲ್ಲ. ಕಾನೂನಲ್ಲ, ಬರೀ ಪದ್ಧತಿ, ನೂರು ವರ್ಷದ್ದು. ಮೇಲ್ಮನವಿ ಕೋರ್ಟ್‌ಗಳಿಗೆ ಈ ಅಡ್ಡಿಯನ್ನು ಟ್ರಂಪ್ ಅವರ ಮೊದಲ ಅವಧಿಯಲ್ಲೇ ತೆಗೆದರು, ಜಿಲ್ಲಾ ಮಟ್ಟದ ಫೆಡರಲ್ ಕೋರ್ಟ್‌ಗಳಿಗೆ ಉಳಿಸಿಕೊಂಡರು. 2025ರಲ್ಲಿ ಟ್ರಂಪ್ ಅದನ್ನೂ ತೆಗೆಯಿರಿ ಎಂದು ಕೂಗಾಡಿದರೂ ಅವರದೇ ಪಾರ್ಟಿಯ ಸಮಿತಿ ಅಧ್ಯಕ್ಷ ಗ್ರಾಸ್ಲಿ ಜಗ್ಗಲಿಲ್ಲ. ಇಲ್ಲಿ ಟೆಕ್ಸಾಸ್‌ನ ಇಬ್ಬರೂ ರಿಪಬ್ಲಿಕನ್. ಬೈಡನ್ ಕಾಲದಲ್ಲಿ ಇಲ್ಲೊಂದು ಖಾಲಿ ಕುರ್ಚಿ ತುಂಬಬೇಕಾದರೆ ಅವರ ಚೀಟಿಗೇ ಕಾಯಬೇಕಿತ್ತು. ನಮ್ಮಲ್ಲಿ ವರ್ಗಾವಣೆಗೆ ಎಮ್ಮೆಲ್ಲೆ ಲೆಟರ್ ಇದ್ದ ಹಾಗೆ ಅಂದುಕೊಳ್ಳಿ.

ಗೂಡು ಶಿಡ್ಲಘಟ್ಟ:

ನಾನು ರೀಲರ್. ಮಾರ್ಕೆಟ್‌ನಲ್ಲಿ ಗೂಡು ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತೇವೆ, ಒತ್ತಿ ನೋಡುತ್ತೇವೆ. ಆದರೂ ನೂಲು ಎಷ್ಟು ಬರುತ್ತದೆ ಅಂತ ಗೊತ್ತಾಗುವುದು ಬಿಸಿನೀರಿಗೆ ಹಾಕಿದ ಮೇಲೆಯೇ. ಆದರೆ ಅಲ್ಲಾಡಿಸದೆ ಯಾವನೂ ಕೊಳ್ಳಲ್ಲ. ಅಷ್ಟೇ ನನ್ನ ಮಾತು.

ಕೋಲಾರದ ಮೇಷ್ಟ್ರು:

ಎಲ್ಲರೂ ಕೊಲಿಜಿಯಂ ಯಾಕೆ ಬಂತು ಅನ್ನುವುದನ್ನೇ ಬಿಟ್ಟು ಮಾತಾಡುತ್ತಿದ್ದೀರಿ. ಅದು ಆಕಾಶದಿಂದ ಬಿದ್ದದ್ದಲ್ಲ.

1973ರಲ್ಲಿ ನಾನು ಕೋಲಾರದಲ್ಲಿ ಕಾಲೇಜು ಹುಡುಗ. ಏಪ್ರಿಲ್ 24ಕ್ಕೆ ಕೇಶವಾನಂದ ಭಾರತಿ ತೀರ್ಪು ಬಂತು. 13 ಜಡ್ಜ್, 7–6. ಸಂವಿಧಾನದ ಮೂಲ ಸ್ವರೂಪಕ್ಕೆ ಪಾರ್ಲಿಮೆಂಟ್ ಕೈ ಹಾಕುವಂತಿಲ್ಲ ಎಂದರು. ಮಾರನೇ ದಿನವೇ ಇಂದಿರಾ ಗಾಂಧಿ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಅಂತ ಘೋಷಿಸಿತು. ರೇ ಆ ಆರು ಜನರಲ್ಲಿ ಒಬ್ಬರು. ದಾಟಿಸಿಕೊಂಡವರು ಶೆಲತ್, ಹೆಗ್ಡೆ, ಗ್ರೋವರ್. ಮೂವರೂ ಏಳು ಜನರ ಕಡೆಯವರು. ಮೂವರೂ ರಾಜೀನಾಮೆ ಬಿಸಾಕಿ ಬಂದರು. ಆ ಹೆಗ್ಡೆ ಅಂದರೆ ನಮ್ಮ ಕೆ.ಎಸ್. ಹೆಗ್ಡೆ, ಕಾರ್ಕಳದ ಕಡೆಯವರು, ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆಯವರ ತಂದೆ. ನಮ್ಮ ಮನೆಯಲ್ಲಿ ರೇಡಿಯೊ ಕೇಳಿ ಅಪ್ಪ ಊಟ ಬಿಟ್ಟು ಎದ್ದಿದ್ದು ನೆನಪಿದೆ, ಕಾಂಗ್ರೆಸ್ಸಿಗರೇ ಆಗಿದ್ದರು ಅವರು. ನಾಲ್ಕು ವರ್ಷದ ಮೇಲೆ, 1977ರಲ್ಲಿ, ಅದೇ ಹೆಗ್ಡೆಯವರು ಬೆಂಗಳೂರು ದಕ್ಷಿಣದಲ್ಲಿ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಅದೇ ವರ್ಷದ ಶುರುವಿನಲ್ಲಿ ಎಚ್.ಆರ್. ಖನ್ನಾ ಅವರಿಗೂ ಇದೇ ಗತಿ ಆಗಿತ್ತು. ತುರ್ತುಪರಿಸ್ಥಿತಿಯಲ್ಲಿ ಜನರ ಪ್ರಾಣದ ಹಕ್ಕಿನ ಪರ ಒಬ್ಬರೇ ಭಿನ್ನಮತ ಬರೆದ ತಪ್ಪಿಗೆ.

ಆಗ ಸೆನೆಟ್ ಥರದ್ದು ಇದ್ದಿದ್ದರೆ ಏನಾಗುತ್ತಿತ್ತು ಹೇಳಿ? ಇಂದಿರಾ ಗಾಂಧಿಯವರಿಗೆ ಲೋಕಸಭೆಯಲ್ಲಿ ಮೂರನೇ ಎರಡು ಬಹುಮತ ಇತ್ತು. ರೇ ಹೆಸರು ಅರ್ಧ ಗಂಟೆಯಲ್ಲಿ ಪಾಸಾಗುತ್ತಿತ್ತು, ಮೇಲೆ ಮೇಜು ಕುಟ್ಟಿ ಚಪ್ಪಾಳೆ ಬೇರೆ. ಅಮೆರಿಕದಲ್ಲಿ ಸೆನೆಟರ್ ತನ್ನ ಪಾರ್ಟಿಯ ಅಧ್ಯಕ್ಷನಿಗೆ ಎದುರು ಓಟು ಹಾಕಬಹುದು, ಹಾಕಿದವರಿದ್ದಾರೆ. ನಮ್ಮ ಎಂಪಿಗೆ ವಿಪ್ ಕೊಟ್ಟರೆ ಮುಗೀತು, ಮೀರಿದರೆ ಸೀಟೇ ಹೋಗುತ್ತದೆ. ಆ ಗಿಡ ತಂದು ಈ ಮಣ್ಣಿಗೆ ನೆಟ್ಟರೆ ಅದೇ ಹಣ್ಣು ಬಿಡುವುದಿಲ್ಲ. 1993ರಲ್ಲಿ ಸುಪ್ರೀಂ ಕೋರ್ಟ್ ನೇಮಕದ ಕೀಲಿಕೈಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಈ ಭಯಕ್ಕೇ. ಅದು ಸಂವಿಧಾನದಲ್ಲಿ ಬರೆದದ್ದಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೂ ನನ್ನ ಓಟು ಕೊಲಿಜಿಯಂಗೇ.

ಕರಿಕೋಟು ತುಮಕೂರು:

ಮೇಷ್ಟ್ರೇ, 1973 ನನಗೂ ಗೊತ್ತು, ಪ್ರತಿ ಭಾಷಣದಲ್ಲೂ ಕೇಳಿದ್ದೇನೆ. ಕಳ್ಳರು ಬರುತ್ತಾರೆ ಅಂತ ಬಾಗಿಲು ಹಾಕಿದ್ದು ಸರಿ. ಆದರೆ ಮನೆಯವರಿಗೂ ಒಳಗೆ ಏನು ನಡೆಯುತ್ತಿದೆ ಅಂತ ಕಾಣಬಾರದಾ? ಯಾರು ಯಾರ ಛೇಂಬರ್‌ನಲ್ಲಿ ಜೂನಿಯರ್ ಆಗಿದ್ದರು, ಯಾರ ಮಗ, ಯಾರ ಅಳಿಯ ಅಂತ ವಕೀಲರ ಸಂಘದಲ್ಲಿ ಟೀ ಕುಡಿಯುತ್ತಾ ಮಾತಾಡುತ್ತೇವೆ. ಅರ್ಧ ನಿಜ, ಅರ್ಧ ಹೊಟ್ಟೆಕಿಚ್ಚು. ಬೇರ್ಪಡಿಸಲು ದಾರಿಯೇ ಇಲ್ಲ, ಕಾಗದ ಹೊರಗೆ ಬರಲ್ಲವಲ್ಲ. 2017ರ ಅಕ್ಟೋಬರ್‌ನಿಂದ ನಿರ್ಣಯಗಳನ್ನು ವೆಬ್‌ಸೈಟಿಗೆ ಹಾಕುತ್ತಿದ್ದಾರೆ, ನಿಜ. 2025ರ ಆಗಸ್ಟ್‌ನಲ್ಲಿ ಒಂದು ಹೆಸರಿಗೆ ನಮ್ಮ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕೊಲಿಜಿಯಂನಲ್ಲಿ ಭಿನ್ನಮತ ದಾಖಲಿಸಿದರು ಅಂತ ಎಲ್ಲ ಪೇಪರಿನಲ್ಲೂ ಬಂತು. ವೆಬ್‌ಸೈಟಿನಲ್ಲಿ ಬಂದದ್ದು ಹೆಸರು ಮಾತ್ರ. ಅವರು ಯಾಕೆ ಬೇಡ ಅಂದರು, ಉಳಿದವರು ಯಾಕೆ ಬೇಕು ಅಂದರು, ಅದನ್ನಲ್ಲವಾ ನಾವು ಓದಬೇಕಾದ್ದು?

2014ರಲ್ಲಿ ನೇಮಕಾತಿ ಆಯೋಗ ಅಂತ ತಂದರು. ಆರು ಜನ: ಮೂವರು ಜಡ್ಜ್‌ಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಇಬ್ಬರು ಬೇಡ ಅಂದರೆ ಹೆಸರು ಬಿದ್ದುಹೋಗುತ್ತಿತ್ತು. ಗಣ್ಯರು ಅಂದರೆ ಯಾರು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. 2015ರ ಅಕ್ಟೋಬರ್ 16ಕ್ಕೆ ಸುಪ್ರೀಂ ಕೋರ್ಟ್ 4–1ರಲ್ಲಿ ಹೊಡೆದುಹಾಕಿತು. ಚೆಲಮೇಶ್ವರ್ ಒಬ್ಬರೇ ಬೇರೆ ಬರೆದರು. ನನಗೆ ಆ ಆಯೋಗವೂ ಪೂರ್ತಿ ಹಿಡಿಸಿರಲಿಲ್ಲ. ಅದರಲ್ಲೂ ಕೂತು ಮಾತಾಡುವುದು ಮುಚ್ಚಿದ ಬಾಗಿಲ ಹಿಂದೆಯೇ. ಬಾಗಿಲ ಹಿಂದೆ ಇರುವವರು ಬದಲಾಗುತ್ತಿದ್ದರು, ಬಾಗಿಲು ಹಾಗೇ ಇರುತ್ತಿತ್ತು.

ನಿಟ್ಟೂರು ಶ್ರೀನಿವಾಸರಾಯರು ನಮ್ಮ ಜಿಲ್ಲೆಯವರು, ಮೈಸೂರು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗಿದ್ದವರು, ಕೊಲಿಜಿಯಂ ಇಲ್ಲದ ಕಾಲದಲ್ಲಿ. ಒಳ್ಳೆಯವರು ಆಗಲೂ ಬಂದರು. ಅದಕ್ಕೇ ಪದ್ಧತಿಯ ಮೇಲೆ ನನಗೆ ಭಕ್ತಿ ಇಲ್ಲ ಮೇಷ್ಟ್ರೇ.

ಕೋಲಾರದ ಮೇಷ್ಟ್ರು:

ಭಿನ್ನಮತದ ಟಿಪ್ಪಣಿ ಪ್ರಕಟಿಸಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ ವಕೀಲರೇ. ಅದಕ್ಕೆ ಸೆನೆಟ್ ಬೇಡ, ಟಿವಿ ಬೇಡ, ಒಬ್ಬ ಟೈಪಿಸ್ಟ್ ಸಾಕು.

ಕೊಬ್ಬರಿ ತಿಪಟೂರು:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಇಡೀ ಭಾನುವಾರ ಇದನ್ನೇ ಓದುತ್ತಾ ಕೂತಿದ್ದೆ, ಮನೆಯಾಕೆ ಬೈದಳು.

ಮಗಳಿಗೂ ಓದಿ ಹೇಳಿದೆ. ಅವಳು ಟೆಕ್ಸಾಸ್ ತಮ್ಮನಿಗೆ ಒಂದು ಮಾತು ಹೇಳು ಅಂದಳು. ಈ ಬಹಿರಂಗ ವಿಚಾರಣೆ ಮೊದಲಿಂದ ಇರಲಿಲ್ಲವಂತೆ. 1916ರಲ್ಲಿ ಬ್ರ್ಯಾಂಡೈಸ್ ಎಂಬ ಯಹೂದಿ ವಕೀಲರನ್ನು ಹೆಸರಿಸಿದಾಗ ದೊಡ್ಡ ದೊಡ್ಡವರು ವಿರೋಧ ಮಾಡಿದರಂತೆ, ಆಗ ಬಾಗಿಲು ತೆಗೆದು ವಿಚಾರಣೆ ಮಾಡಿದರಂತೆ, ನಾಲ್ಕು ತಿಂಗಳು ಎಳೆದು 47–22ರಲ್ಲಿ ಪಾಸಾದರಂತೆ. ಅವರು ಮುಂದೆ ಬಹಳ ಹೆಸರು ಮಾಡಿದರು ಅಂದಳು. ಅಂದರೆ ಬಾಗಿಲು ತೆಗೆದದ್ದು ಅವರನ್ನು ಬೀಳಿಸಲೆಂದೇ ಇರಬಹುದು, ಆದರೆ ಜನರ ಮುಂದೆ ಬಂದ ಮೇಲೆ ಬೀಳಿಸುವುದು ಕಷ್ಟ ಆಯಿತು. ನನಗೆ ಅದು ಹಿಡಿಸಿತು. ಗಾರ್ಲಂಡ್ ಅವರನ್ನು ವಿಚಾರಣೆಗೇ ಯಾಕೆ ಕರೆಯಲಿಲ್ಲ ಅಂತ ಈಗ ಅರ್ಥ ಆಯ್ತು. ಜನ ಮುಖ ನೋಡಿದರೆ ಆಮೇಲೆ ಬೇಡ ಅನ್ನುವುದು ಕಷ್ಟ.

ಶಿಡ್ಲಘಟ್ಟದವರ ಮಾತು ನನಗೆ ಸರಿ ಅನ್ನಿಸಿತು. ಕೊಬ್ಬರಿಯನ್ನೂ ನಾವು ಕೈಗೆ ತಗೊಂಡು ಕುಲುಕುತ್ತೇವೆ, ಸದ್ದು ಕೇಳುತ್ತೇವೆ.

ಕೈವಾರ ಟು ಟೆಕ್ಸಾಸ್:

ಅಣ್ಣಾ, ನಿಮ್ಮ ಮಗಳು ಹೇಳಿದ್ದು ಸರಿ, ಗಾರ್ಲಂಡ್ ಬಗ್ಗೆ ನಾನು ಆ ದಿಕ್ಕಿನಿಂದ ಯೋಚನೆ ಮಾಡಿರಲಿಲ್ಲ. ಒಂದು ಸೇರಿಸುತ್ತೇನೆ. ಬ್ರ್ಯಾಂಡೈಸ್ ವಿಚಾರಣೆಗೆ ಮೂರು ವರ್ಷ ಹಿಂದೆಯಷ್ಟೇ, 1913ರಲ್ಲಿ, ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುವ ತಿದ್ದುಪಡಿ ಬಂದಿತ್ತು. ಅಲ್ಲಿಯ ತನಕ ರಾಜ್ಯದ ಶಾಸಕರು ಆರಿಸುತ್ತಿದ್ದರು, ನಮ್ಮ ರಾಜ್ಯಸಭೆಯ ಹಾಗೆ. ಓಟು ಕೇಳಲು ಬರುವವನಿಗೆ ಮಾತ್ರ ಬಾಗಿಲು ತೆಗೆಯುವ ದರ್ದು ಇರುತ್ತದೆ. ಮೇಷ್ಟ್ರು ಹೇಳಿದ ಮಣ್ಣಿನ ಮಾತು ಇದೇ ಇರಬೇಕು.

ಕೊಬ್ಬರಿ ತಿಪಟೂರು:

ಕರಿಕೋಟು ಸಾರ್, ಇದೇ ಜಾಗದಲ್ಲಿ ಒಂದು ಸಣ್ಣ ಸ್ವಂತ ಪ್ರಶ್ನೆ, ಬೈಯಬೇಡಿ. ನಮ್ಮ ಕೇಸಿನಲ್ಲಿ ಕೋರ್ಟ್ ಕಮಿಷನರ್ ತೋಟ ಅಳೆದು ವರದಿ ಕೊಟ್ಟಿದ್ದಾರೆ, ಅದರಲ್ಲಿ ಹನ್ನೆರಡು ಮರ ಲೆಕ್ಕಕ್ಕೇ ಬಂದಿಲ್ಲ. ಹೊಸ ಜಡ್ಜ್ ಅದನ್ನು ನೋಡುತ್ತಾರಾ?

ಕರಿಕೋಟು ತುಮಕೂರು:

ತಕರಾರು ಅರ್ಜಿ ಹಾಕಿದರೆ ನೋಡುತ್ತಾರೆ, ಹಾಕದಿದ್ದರೆ ಅವರಿಗೆ ಹನ್ನೆರಡು ಮರ ಕನಸಿನಲ್ಲಿ ಬರಲ್ಲ. ಹಾಕಿದ್ದಾರಾ ಅಂತ ನಾಳೆಯೇ ನಿಮ್ಮ ವಕೀಲರನ್ನು ಕೇಳಿ. ಮತ್ತೆ ಮರಗಳ ಫೋಟೊ ಇಲ್ಲಿ ಹಾಕಬೇಡಿ, ನಿಮ್ಮ ದಾಯಾದಿಗಳೂ ಇಲ್ಲೇ ಎಲ್ಲೋ ಓದುತ್ತಿರುತ್ತಾರೆ.